ಕೈಲೆ ಕಟ್ಟಿದ ಜಪಸರ, ಕಲಬುರಗಿದಾಗ ತಗೊಂಡಿದ್ದು: ಹ್ಯಾಂಗ ಅದ?

ನಮ್ ಕಲಬುರಗಿದಾಗ ಜಪಸರ (ಕ್ಯಾಥೋಲಿಕರು ಪ್ರಾರ್ಥನಿ ಎಣಿಸೋ ಮಣಿ ಸರ, ರೋಸರಿ) ಬೇಕಂದ್ರ ಒಂದೋ ಚರ್ಚ್ ಹಬ್ಬಕ್ಕ ಹಾಕೋ ಸ್ಟಾಲ್‌ನಾಗ ತಗೋಬೇಕು, ಇಲ್ಲಾ ಯಾರರ ವೇಳಾಂಗಣ್ಣಿಗೆ ಹೊಂಟ್ರ ಅವರಿಗೆ ಹೇಳಿ ತರಸ್ಕೋಬೇಕು. ಹಂಗ ಬಂದಿದ್ದು ಮನ್ಯಾಗ ನಾಕೈದು ಅದಾವ, ಎಲ್ಲಾ ಪ್ಲಾಸ್ಟಿಕ್ ಮಣಿ, ತೆಳ್ಳನ ತಂತಿ, ಒಂದೀಟು ಜಗ್ಗಿದ್ರ ಕೊಂಡಿ ಬಾಯಿ ಬಿಟ್ಟು ಮಣಿ ಮಂಚದ ಕೆಳಗ. ಒಂದರಾಗಂತೂ ಹತ್ತು ಮಣಿ ಇರಬೇಕಾದ ಮೂರನೇ ಗುಂಪಿನಾಗ ಒಂಬತ್ತೇ ಮಣಿ ಅದಾವ ನೋಡ್ರಿ, ಜಪ ಮಾಡೋರು ಯಾರೂ ಅದನ್ನ ಮಾಡಿದಂಗ ಕಾಣಲ್ಲ! ಅದಕ್ಕ ಈ ಸಲ ಇಲ್ಲೇ ಮನ್ಯಾಗ ಕೂತು ಕಟ್ಟಿಕೊಡೋ ಒಬ್ಬ ಅಕ್ಕನ ಕಡಿಂದ ಮಾಡಿಸ್ದೆ. ಕಟ್ಟಿಗಿ ಮಣಿ, ಕಂದು ನೈಲಾನ್ ದಾರ, 350 ರೂಪಾಯಿ, ಫೋನ್‌ಪೇ ನಡೀತದ.

ಜಪಸರ ಚಲೋ ಅದನೋ ಇಲ್ಲೋ ಅಂತ ಕಣ್ಣು ಮುಚ್ಕೊಂಡು ನೋಡಬೇಕ್ರಿ. 53 ಸಣ್ಣ ಮಣಿ, 6 ದೊಡ್ಡವು, ಒಟ್ಟು 59, ಲೆಕ್ಕ ಪಕ್ಕಾ ಅದ. ಆದ್ರ ನನಗ ಸೇರಿದ್ದು ಸಂದು: ಸಣ್ಣ ಮಣಿ ನಡು ಅರ್ಧ ಮಣಿಯಷ್ಟು ದಾರ ಬಿಟ್ಟಾರ, ಒಂದು ನಮೋ ಮರಿಯಾ (ಸಣ್ಣ ಮಣಿಗೊಂದು ಹೇಳೋ ಮರಿಯಮ್ಮನ ಪ್ರಾರ್ಥನಿ) ಮುಗಿದ ಕೂಡ್ಲೇ ಬೆರಳು ತಾನೇ ಮುಂದಿನ ಮಣಿಗೆ ಜಾರ್ತದ, ಹತ್ತು ಆದಮ್ಯಾಲ ದೊಡ್ಡ ಮಣಿ ಎರಡೂ ಬಾಜು ದಾರ ಮೂರು ಸುತ್ತು ಸುತ್ತಿ ಗಂಟು ಹಾಕ್ಯಾರ, ಅದು ಬೆರಳಿಗೆ ತಾಗಿದ್ರ "ಪಿತನಿಗೂ ಸುತನಿಗೂ" ಅನ್ನೋ ಸ್ತುತಿ ಹೇಳಿ ಮುಂದಿನ ರಹಸ್ಯಕ್ಕ (ಹತ್ತು ಮಣಿಗೊಂದು ನೆನೆಯೋ ಯೇಸು, ಮರಿಯಮ್ಮನ ಜೀವನದ ಘಟನೆ) ಹೋಗಬೇಕಂತ ಗೊತ್ತಾಗ್ತದ. ಮೇ ತಿಂಗಳಾಗ ಸಂಜಿಗೆ ಕರೆಂಟ್ ಹೋಗಿ ಕತ್ತಲಾಗ ಕೂತು ಜಪ ಮಾಡಿದ್ರೂ ಲೆಕ್ಕ ತಪ್ಪಲ್ಲ. ಕೈ ಬೆವರಿಗೆ ಬಣ್ಣ ಬಿಟ್ಟಿಲ್ಲ. ಬಾಜೂಮನಿ ಚಾಚಾ, ಅವರು ದಿನಾ ತಸ್ಬೀ (ಮುಸ್ಲಿಮರ ಜಪಮಾಲಿ) ಹಿಡಿಯೋರು, ಹೆಬ್ಬಟ್ಟಿಲೆ ತಿಕ್ಕಿ ನೋಡಿ "ಗಾಂಠ್ ಪಕ್ಕಾ ಹೈ" ಅಂದ್ರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇನ್ರಿ.

ಶಿಲುಬೆ ಮಾತ್ರ ಹಗುರ, ಪಾಲಿಷ್ ಈಗೇ ಮೂಲ್ಯಾಗ ಹೋಗ್ಯಾದ. ಹಿತ್ತಾಳಿದು ಹಾಕ್ರಿ ಅಂತ ಮೊದಲೇ ಹೇಳ್ರಿ, ರೇಟ್ ಜಾಸ್ತಿ ಆಗ್ತದ ಆಗ್ಲಿ, ವಿಶ್ವಾಸ ಸಂಗ್ರಹ ಅನ್ನೋ ಪ್ರಾರ್ಥನಿ ಹೇಳೋದು ಅದನ್ನೇ ಹಿಡ್ಕೊಂಡು ಅಲ್ವಾ. ಇನ್ನೊಂದು, ಯಾವ ದಿನ ಯಾವ ರಹಸ್ಯ ಅಂತ ಬರೆದು ಜೊತಿಗೆ ಕೊಡೋ ಕಾರ್ಡ್ ಭಾಳ ಹಳೇದು, ಗುರುವಾರಕ್ಕ ಇನ್ನೂ ಸಂತೋಷದ ರಹಸ್ಯಾನೇ ಅದ. ಎರಡನೇ ಜಾನ್ ಪಾಲ್ ಪೋಪ್ 2002ರಾಗ ಬೆಳಕಿನ ರಹಸ್ಯಗಳನ್ನ ಸೇರಿಸಿ ಗುರುವಾರಕ್ಕ ಇಟ್ಟು, ಸಂತೋಷದ್ದು ಸೋಮವಾರ ಶನಿವಾರ ಮಾಡಿದ್ರು. ಹೊಸದಾಗಿ ಕಲಿಯೋ ಹುಡುಗ್ರು ಈ ಕಾರ್ಡ್ ನೋಡಿ ಜಪ ಮಾಡಿದ್ರ ಬೆಳಕಿನ ರಹಸ್ಯದಾಗ ಬರೋ ಯೇಸುವಿನ ಜ್ಞಾನಸ್ನಾನ, ಕಾನಾ ಊರಿನ ಮದುವಿ ಎಲ್ಲಾ ಬಿಟ್ಟೇ ಹೋಗ್ತದ. ಅಕ್ಕನಿಗೆ ಹೇಳೀನಿ, ಬೇರೆ ಪ್ರಿಂಟ್ ಹಾಕಸ್ತೀನಿ ಅಂದಾರ, ನೋಡೋಣ.

ಬ್ಲೆಸ್ ಮಾಡಿಸಿದ್ದೇ ಕೊಡ್ರಿ ಅಂತ ಕೇಳಬ್ಯಾಡ್ರಿ, ಬ್ಲೆಸ್ ಆದ ಸಾಮಾನು ಮಾರಂಗಿಲ್ಲ, ತಗೊಂಡಮ್ಯಾಲ ನೀವೇ ಫಾದರ್ ಕಡೆ ಒಯ್ದು ಮಾಡಿಸ್ಕೋಬೇಕು. ದಾರ ಹರಿದ್ರ ತರ್ರಿ, ಅವೇ ಮಣಿ ಹಾಕಿ ಮತ್ತ ಕಟ್ಟಿಕೊಡ್ತೀನಿ ಅಂತಾರ, ಸ್ಟಾಲ್‌ನೋರು ಹಿಂಗ ಅಂತಾರೇನು? ಐದರಾಗ ನಾಕು ಸ್ಟಾರ್. ಅಕ್ಟೋಬರ್ ಜಪಸರದ ತಿಂಗಳು, ಮನಿಮನಿಗೆ ಜಪ ನಡೀತದ, ಆವಾಗ ಎಲ್ಲಾರೂ ಕೇಳ್ತಾರ, ಅಕ್ಕ ಒಬ್ಬರೇ ಕಟ್ಟೋರು, ಆಗಸ್ಟ್‌ನಾಗೇ ಹೇಳಿಟ್ರ ಚಲೋ.