ತಾರತಮ್ಯ ಅಳೆಯಲು ಯಾವ ಪ್ರಯೋಗ: ಪ್ರಶ್ನಾವಳಿಯೋ, ಅರ್ಜಿಯೋ, ಲ್ಯಾಬೋ?

ಕೆಲಸಕ್ಕೆ ತೆಗೆದುಕೊಳ್ಳುವಾಗಿನ ತಾರತಮ್ಯ ಅಳೆಯಲು ಮೂರು ವಿಧಾನಗಳಿವೆ: ಪ್ರಶ್ನಾವಳಿ, ಉದ್ಯೋಗದಾತರಿಗೆ ಕಳಿಸುವ ಕಲ್ಪಿತ ಅರ್ಜಿ, ಲ್ಯಾಬ್. ಮೂರರ ಮೂಲ ಷರತ್ತು ಒಂದೇ. ಯಾರಿಗೆ ಯಾವ ಸನ್ನಿವೇಶ ಎಂಬುದನ್ನು ಸಂಶೋಧಕರು ಆರಿಸಬಾರದು, ಚೀಟಿ ಎತ್ತಿದ ಹಾಗೆ ಹಂಚಿಕೆಯಾಗಬೇಕು. ಉಳಿದದ್ದೆಲ್ಲ ಬೇರೆ ಬೇರೆ.

ಎಲ್ಲಕ್ಕಿಂತ ಅಗ್ಗದ್ದು, ಬೇಗ ಮುಗಿಯುವುದು ಪ್ರಶ್ನಾವಳಿಯ ಕಲ್ಪಿತ ಸನ್ನಿವೇಶ, ಅಂದರೆ ಕಲ್ಪಿತ ಅಭ್ಯರ್ಥಿಯ ವಿವರ ಕೊಟ್ಟು ಅಂಕ ಹಾಕಿಸುವುದು. ಅಭ್ಯರ್ಥಿಯ ಲಿಂಗ 2, ಮಕ್ಕಳಿದ್ದಾರೋ ಇಲ್ಲವೋ 2, ಅನುಭವ 3 ಮಟ್ಟ ಎಂದಿಟ್ಟರೆ 12 ಸನ್ನಿವೇಶಗಳಾಗುತ್ತವೆ. ಒಬ್ಬರಿಗೆ ನಾಲ್ಕೈದು ಸಾಕು. ಹೆಚ್ಚು ಕೊಟ್ಟರೆ ಬೇಸತ್ತು ಎಲ್ಲಕ್ಕೂ ಒಂದೇ ಅಂಕ ಹಾಕಿಬಿಡುತ್ತಾರೆ. ಕ್ರಮವನ್ನೂ ಪ್ರತಿಯೊಬ್ಬರಿಗೂ ಕಲಸಬೇಕು. ತೊಡಕು ಬೇರೆಡೆ ಇದೆ: ಇಲ್ಲಿ ಸಿಗುವುದು ಮಾತು, ನಡತೆಯಲ್ಲ. 2001ರಲ್ಲಿ ಸಮಾಜಶಾಸ್ತ್ರಜ್ಞೆ ಡೀವಾ ಪೇಜರ್ ಅಮೆರಿಕದ ಮಿಲ್ವಾಕಿ ನಗರದ 350 ಉದ್ಯೋಗದಾತರ ಬಳಿಗೆ ತರಬೇತಾದ ಯುವಕರನ್ನು ಅರ್ಜಿದಾರರಾಗಿ ಕಳಿಸಿದರು. ಮಾದಕವಸ್ತು ಅಪರಾಧಕ್ಕೆ ಜೈಲಿಗೆ ಹೋಗಿಬಂದವರೆಂದು ಹೇಳಿಕೊಂಡವರಲ್ಲಿ ಬಿಳಿಯರಿಗೆ ಶೇ. 17, ಕರಿಯರಿಗೆ ಶೇ. 5 ಕಡೆಗಳಿಂದ ಮಾತ್ರ ಮರುಕರೆ (ಅರ್ಜಿ ನೋಡಿ ಉದ್ಯೋಗದಾತರು ಮತ್ತೆ ಸಂಪರ್ಕಿಸುವುದು) ಬಂತು. ಆಮೇಲೆ ಅದೇ ಉದ್ಯೋಗದಾತರನ್ನು ಫೋನಿನಲ್ಲಿ ಕೇಳಿದರೆ, ಅಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಸಾಧ್ಯತೆ ಇದೆ ಎಂದವರು ಶೇ. 60ಕ್ಕೂ ಹೆಚ್ಚು! ಮರುಕರೆ ಎಂಬುದು ನೇಮಕಾತಿಗಿಂತ ಸಣ್ಣ ಮೆಟ್ಟಿಲು ಎಂಬುದನ್ನು ಮರೆಯಬಾರದು.

ಆದ್ದರಿಂದ ತಾರತಮ್ಯ ಎಷ್ಟಿದೆ ಎಂಬ ಪ್ರಶ್ನೆಗೆ ಅರ್ಜಿ ಪ್ರಯೋಗವೇ ಸೈ. ಒಂದೇ ಜಾಹೀರಾತಿಗೆ ಜೋಡಿ ಅರ್ಜಿ ಹೋಗಬೇಕು. ತದ್ರೂಪಾದರೆ ಅನುಮಾನ ಬರುತ್ತದೆ, ಹೀಗಾಗಿ ಅರ್ಹತೆ ಸಮನಾಗಿರುವ, ವಿನ್ಯಾಸ ಬೇರೆಯಾದ ಎರಡು ಮಾದರಿ ಬೇಕು. ಪರೀಕ್ಷಿಸುವ ಗುರುತು (ಹೆಸರು, ಮಕ್ಕಳಿರುವುದು ಇತ್ಯಾದಿ) ಯಾವ ಮಾದರಿಗೆ, ಯಾವುದು ಮೊದಲು ಹೋಗಬೇಕು, ಎರಡಕ್ಕೂ ನಾಣ್ಯ ಚಿಮ್ಮಿ. ಫೋನ್ ನಂಬರು, ಇಮೇಲ್ ಪ್ರತ್ಯೇಕವಾಗಿರಲಿ. ಹೆಸರಿನ ವಿಷಯದಲ್ಲಿ ಎಚ್ಚರ: ಅದು ಸಮುದಾಯವನ್ನಷ್ಟೇ ಅಲ್ಲ, ವರ್ಗವನ್ನೂ ಹೇಳಿಬಿಡುತ್ತದೆ. ಮೊದಲೇ ಬೇರೊಂದು ಗುಂಪಿಗೆ ತೋರಿಸಿ, ಅವರಿಗೆ ಏನೆನಿಸುತ್ತದೆ ಎಂದು ಕೇಳಿ. ಹೆಚ್ಚಿನ ಪ್ರಯೋಗಗಳು ಸೋಲುವುದು ಸಂಖ್ಯೆಯಲ್ಲಿ. ಮರುಕರೆಯಲ್ಲಿ ಶೇ. 10 ಮತ್ತು ಶೇ. 15ರ ನಡುವಿನ ವ್ಯತ್ಯಾಸವನ್ನು ಶೇ. 80 ಸಾಮರ್ಥ್ಯದಲ್ಲಿ, ಅಂದರೆ ವ್ಯತ್ಯಾಸ ನಿಜವಾಗಿದ್ದರೆ ನೂರರಲ್ಲಿ ಎಂಬತ್ತು ಸಲ ಸಿಗುವಂತೆ, ಹಿಡಿಯಲು ಗುಂಪಿಗೆ ಸುಮಾರು 680 ಅರ್ಜಿ ಬೇಕು. ಇನ್ನೂರಕ್ಕೆ ನಿಲ್ಲಿಸಿದರೆ ಕೈಗೆ ಏನೂ ದಕ್ಕದು. ಕರೆ ಬಂದ ತಕ್ಷಣ ನಯವಾಗಿ ಬೇಡವೆನ್ನಿ, ಇನ್ನೊಬ್ಬರ ಸಮಯ ಹಾಳು ಮಾಡುವ ಹಕ್ಕು ನಮಗಿಲ್ಲ.

ಏಕೆ ಎಂಬುದನ್ನು ಮಾತ್ರ ಅರ್ಜಿ ಹೇಳುವುದಿಲ್ಲ. ಅದಕ್ಕೆ ಲ್ಯಾಬ್. ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಎರಡನ್ನೂ ಜೋಡಿಸಿದ್ದರಿಂದಲೇ ಗಟ್ಟಿ. 638 ಉದ್ಯೋಗದಾತರಿಗೆ ಕಳಿಸಿದ 1,276 ಅರ್ಜಿಗಳಲ್ಲಿ, ಮಕ್ಕಳಿಲ್ಲದ ಮಹಿಳೆಯರಿಗೆ ತಾಯಂದಿರಿಗಿಂತ 2.1 ಪಟ್ಟು ಮರುಕರೆ ಬಂತು. ಕಾರಣ ಸಿಕ್ಕಿದ್ದು ಲ್ಯಾಬಿನಲ್ಲಿ: 192 ವಿದ್ಯಾರ್ಥಿಗಳು ಸಮಾನ ಅರ್ಹತೆಯ ತಾಯಂದಿರ ಸಾಮರ್ಥ್ಯಕ್ಕೂ ಬದ್ಧತೆಗೂ ಕಡಿಮೆ ಅಂಕ ಕೊಟ್ಟರು. ಲ್ಯಾಬೊಂದನ್ನೇ ನೆಚ್ಚಿದ್ದರೆ 'ವಿದ್ಯಾರ್ಥಿಗಳು ಉದ್ಯೋಗದಾತರಲ್ಲವಲ್ಲ' ಎಂಬ ಆಕ್ಷೇಪಕ್ಕೆ ಉತ್ತರವಿರುತ್ತಿರಲಿಲ್ಲ.

ಮುಜುಗರದ ಪ್ರಶ್ನೆಗಳಿಗೆ ಪಟ್ಟಿ ಪ್ರಯೋಗವೆಂಬ ಉಪಾಯವೊಂದಿದೆ: ಒಂದು ಗುಂಪಿಗೆ 4 ಹೇಳಿಕೆ, ಇನ್ನೊಂದಕ್ಕೆ ಅವೇ 4ರ ಜೊತೆ ಸೂಕ್ಷ್ಮವಾದ 5ನೆಯದು. ಯಾವುದು ಎನ್ನದೆ ಎಷ್ಟಕ್ಕೆ ಒಪ್ಪುತ್ತೀರಿ ಎಂದಷ್ಟೇ ಕೇಳುವುದು. ಸರಾಸರಿಗಳ ವ್ಯತ್ಯಾಸವೇ ಉತ್ತರ: 5ನೆಯದನ್ನು ಒಪ್ಪುವವರ ಪಾಲು. ಇದು ದುಬಾರಿ: 1,000 ಜನರಿಗೆ ನೇರ ಪ್ರಶ್ನೆಯಲ್ಲಿ ದೋಷದ ಅಂತರ (ಅಂದಾಜು ಹೆಚ್ಚುಕಡಿಮೆಯಾಗಬಹುದಾದ ಮಿತಿ) ಸುಮಾರು ±3 ಶೇಕಡಾ ಅಂಶವಾದರೆ, ಇಲ್ಲಿ ±12ರಷ್ಟಾಗಬಹುದು. ನಾಲ್ಕೂ ಹೇಳಿಕೆಗಳು ಎಲ್ಲರೂ ಒಪ್ಪುವಂಥವಾದರೆ ಗುಟ್ಟೂ ಉಳಿಯದು. 5 ಎಂದವರು ಸಿಕ್ಕಿಬಿದ್ದಂತೆಯೇ.