ಎರಡು ಗ್ರಾಫಿಕ್ಸ್ ಕಾರ್ಡ್ ಹಾಕೋರು ಮದರ್‌ಬೋರ್ಡ್ ತಗೊಳ್ಳೋ ಮುಂಚೆ ಇದನ್ನ ಓದಿ

ನಿನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಮದರ್‌ಬೋರ್ಡ್ ಡಬ್ಬಿ ತೊಡೆ ಮೇಲೆ ಇಟ್ಕೊಂಡು ವಾಪಸ್ ಬಂದೆ. ಅಂಗಡಿಯವರು ತಗೊಳ್ಳಲಿಲ್ಲ. 14,500 ರೂಪಾಯಿ. ಹೊಟ್ಟೆ ಉರೀತಾ ಇದೆ, ಅದಕ್ಕೇ ಬರೀತಿದ್ದೀನಿ.

ನಂದು ಗೇಮ್ ಆಡೋ ಮಷೀನ್ ಅಲ್ಲ. ಹಳೇ ಕೈಬರಹದ ಕನ್ನಡ ಕಾಗದಪತ್ರ ಓದೋ ಎಐ ಮಾಡೆಲ್‌ಗೆ ಮನೇಲೇ ಟ್ರೇನಿಂಗ್ ಕೊಡ್ತಾ ಇದ್ದೀನಿ. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 12 ಜಿಬಿದು ಒಂದಿತ್ತು, ಸೆಕೆಂಡ್ ಹ್ಯಾಂಡ್ ಇನ್ನೊಂದು ಸಿಕ್ತು. 3060ಕ್ಕೆ ಎನ್‌ವಿಲಿಂಕ್, ಅಂದ್ರೆ ಕಾರ್ಡಿಂದ ಕಾರ್ಡಿಗೆ ನೇರ ಜೋಡಣೆ, ಇಲ್ಲ. ಎರಡೂ ಕಾರ್ಡ್ ತಮ್ಮ ಲೆಕ್ಕ ಹಂಚಿಕೊಳ್ಳೋದು ಮದರ್‌ಬೋರ್ಡಿನಲ್ಲಿ ಅವು ಕೂರೋ ಸ್ಲಾಟ್ ಮೂಲಕವೇ. ಸ್ಲಾಟಿನಲ್ಲಿ ಡೇಟಾ ಓಡೋ ದಾರಿಗೆ ಲೇನ್ ಅಂತಾರೆ, ಎಕ್ಸ್8 ಅಂದ್ರೆ ಎಂಟು ಲೇನ್. ಅದಕ್ಕೇ ಅಂಗಡಿಯವರನ್ನ ವಾಟ್ಸಾಪ್‌ನಲ್ಲಿ ಸ್ಪಷ್ಟವಾಗಿ ಕೇಳಿದ್ದೆ: "ಎರಡು ಕಾರ್ಡ್ ಹಾಕಿದ್ರೆ ಎಕ್ಸ್8, ಎಕ್ಸ್8 ಆಗ್ತದೇನ್ರಿ?" ಹೆಬ್ಬೆರಳು ಎತ್ತಿದ ಚಿತ್ರ ಬಂತು. ಅಷ್ಟೇ. ಆ ಹೆಬ್ಬೆರಳು ನಂಬಿ ದುಡ್ಡು ಕಳಿಸಿದೆ.

ಒಂದೇ ಕಾರ್ಡಿನಲ್ಲಿ ಟ್ರೇನಿಂಗಿನ ಒಂದು ಸುತ್ತು ಮುಗಿಯೋಕೆ 40 ನಿಮಿಷ ಹಿಡೀತಿತ್ತು. ಎರಡು ಹಾಕಿದ ಮೇಲೆ 34. ಇಪ್ಪತ್ತರ ಆಸುಪಾಸು ಬರಬೇಕಿತ್ತು! ಎರಡು ರಾತ್ರಿ ನನ್ನ ಕೋಡನ್ನೇ ಅನುಮಾನಿಸಿ ಕೂತೆ. ಡ್ರೈವರ್ ತೆಗೆದು ಹಾಕಿದೆ. ಮೂರನೇ ರಾತ್ರಿ ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ನೋಡಿದರೆ ಎರಡನೇ ಕಾರ್ಡ್ ಎದುರು "ಎಕ್ಸ್4 3.0" ಅಂತಿದೆ, ಅಂದ್ರೆ ನಾಲ್ಕು ಲೇನ್, ವೇಗದಲ್ಲಿ ಮೂರನೇ ಪೀಳಿಗೆ. (ಕಾರ್ಡ್ ಸುಮ್ಮನಿದ್ದಾಗ ಅಲ್ಲಿ 1.1 ಅಂತ ತೋರಿಸ್ತದೆ, ಅದಕ್ಕೆ ಗಾಬರಿ ಬೇಡ, ಲೋಡ್ ಕೊಟ್ಟು ನೋಡಿ.)

ನಂಬಿಕೆ ಬರಲಿಲ್ಲ. ಕಾರ್ಡ್ ಕಿತ್ತು ಸ್ಲಾಟ್ ಒಳಗೆ ಮೊಬೈಲ್ ಟಾರ್ಚ್ ಬಿಟ್ಟೆ. ಮೊದಲನೇ ಸ್ಲಾಟಿನಲ್ಲಿ ಈ ತುದಿಯಿಂದ ಆ ತುದಿವರೆಗೆ ಹಳದಿ ಪಿನ್ನುಗಳು. ಎರಡನೇದರಲ್ಲಿ ಒಂದು ಕಡೆ ಸ್ವಲ್ಪ ದೂರ ಪಿನ್, ಉಳಿದದ್ದು ಖಾಲಿ ಪ್ಲಾಸ್ಟಿಕ್. ಉದ್ದ ಮಾತ್ರ ಎಕ್ಸ್16, ಒಳಗಿರೋದು ನಾಲ್ಕೇ ಲೇನ್. ಅದನ್ನ ನೋಡಿ ಮುಖ ಬಿಸಿ ಆಯ್ತು. ನಾಲ್ಕು ಜನರಿಗೆ ಕಂಪ್ಯೂಟರ್ ತಗೊಳ್ಳೋಕೆ ಸಲಹೆ ಕೊಡೋನು ನಾನು, ಅದೇ ಟಾರ್ಚನ್ನ ಮೊದಲ ದಿನ ಬಿಡಲಿಲ್ಲ.

ನನ್ನದು ಬಿ550 ಚಿಪ್‌ಸೆಟ್ (ಬೋರ್ಡಿನ ಉಳಿದ ಭಾಗಗಳನ್ನ ಪ್ರೊಸೆಸರ್‌ಗೆ ಜೋಡಿಸೋ ಚಿಪ್) ಇರೋ ಬೋರ್ಡ್. ಮೊದಲನೇ ಸ್ಲಾಟ್ ನೇರ ಪ್ರೊಸೆಸರ್‌ಗೆ, ನಾಲ್ಕನೇ ಪೀಳಿಗೆ, 16 ಲೇನ್, ಸೆಕೆಂಡಿಗೆ ಹತ್ತಿರ ಹತ್ತಿರ 32 ಜಿಬಿ. ಎರಡನೇದು ಚಿಪ್‌ಸೆಟ್ ಮೂಲಕ, ಮೂರನೇ ಪೀಳಿಗೆ, 4 ಲೇನ್, 4 ಜಿಬಿಯೂ ಪೂರ್ತಿ ಇಲ್ಲ. ಎಂಟರಲ್ಲಿ ಒಂದು ಪಾಲು! ಅದರ ಮೇಲೆ ಚಿಪ್‌ಸೆಟ್‌ನಿಂದ ಪ್ರೊಸೆಸರ್‌ಗೆ ಹೋಗೋ ದಾರಿಯೂ ಅಷ್ಟೇ ಅಗಲ, ಸಾಟಾ ಡಿಸ್ಕು, ನೆಟ್‌ವರ್ಕು, ಒಂದಿಷ್ಟು ಯುಎಸ್‌ಬಿ ಎಲ್ಲಾ ಅದರಲ್ಲೇ ನುಗ್ಗಬೇಕು. 16 ಲೇನನ್ನ ಎಂಟೆಂಟು ಹಂಚಿಕೊಡೋ ಬೋರ್ಡ್‌ಗಳು ಬಿ550ರಲ್ಲೂ ಕೆಲವು ಇವೆ. ನಾನು ಕೇಳಿದ್ದು ಅದನ್ನೇ. ಕೇಳಿದ್ದೇ ಅದನ್ನ!

ಫೋನ್ ಮಾಡಿದೆ. ಮೊದಲು, "ಸಾಫ್ಟ್‌ವೇರ್ ಪ್ರಾಬ್ಲಮ್ ಇರಬೇಕ್ರಿ ಸರ್." ಆಮೇಲೆ, "ಕಾರ್ಡ್ ಕುಂತಾವಲ್ರಿ? ಎರಡೂ ತೋರಸಾಕತ್ತಾವಲ್ರಿ? ಮತ್ತೇನ್ ಬೇಕ್ರಿ ನಿಮಗ?" ಅಂಗಡಿಗೇ ಹೋಗಿ ಮ್ಯಾನುಯಲ್‌ನ ಪುಟ ತೆರೆದು ತೋರಿಸಿದೆ, ಎರಡನೇ ಸ್ಲಾಟ್ ಎಕ್ಸ್4 ಅಂತ ಸಣ್ಣ ಅಕ್ಷರದಲ್ಲಿ ಅಲ್ಲೇ ಇದೆ. ಓದಿ ನೋಡಿ ಏನಂದರು ಗೊತ್ತಾ? "ಇಲ್ಲೇ ಬರ್ದಾರಲ್ರಿ ಸರ್, ನೀವ ನೋಡ್ಬೇಕಿತ್ತು." ವಾಟ್ಸಾಪ್‌ನ ಆ ಹೆಬ್ಬೆರಳಿನ ಚಿತ್ರ ತೋರಿಸಿದೆ. "ಅದು ಮೆಸೇಜ್ ನೋಡೀನಿ ಅಂತ ಹಾಕಿದ್ದ್ರಿ." ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು, ಅವರೆದುರಿಗೇ. ಕೊನೆಗೆ, "ಸೀಲ್ ಒಡದೀರಿ, ವಾಪಸ್ ಬರಂಗಿಲ್ರಿ." ಸೀಲ್ ಒಡೆಯದೆ ಸ್ಲಾಟ್ ಹೆಂಗೆ ನೋಡ್ಬೇಕ್ರಿ?

ಅಂಗಡಿಯವರ ಬಾಯಿಮಾತು ನಂಬಬೇಡಿ, ಚಿತ್ರ ಅಂತೂ ನಂಬಲೇಬೇಡಿ. ದುಡ್ಡು ಕೊಡೋ ಮುಂಚೆ ಆ ಬೋರ್ಡಿನ ಮ್ಯಾನುಯಲ್ ಇಳಿಸಿಕೊಂಡು ಸ್ಲಾಟ್‌ಗಳ ಪುಟ ಓದಿ, "ಎಕ್ಸ್8/ಎಕ್ಸ್8" ಅಂತ ಅಚ್ಚಾಗಿದ್ದರೆ ಮಾತ್ರ ತಗೊಳ್ಳಿ. ಎರಡನೇ ಎಂ.2 ಜಾಗದಲ್ಲಿ (ತೆಳು ಎಸ್‌ಎಸ್‌ಡಿ ಕೂರೋ ಜಾಗ) ಡಿಸ್ಕ್ ಹಾಕಿದರೆ ಸ್ಲಾಟ್ ಬಂದ್ ಆಗೋ ಬೋರ್ಡೂ ಇವೆ, ಅದನ್ನೂ ನೋಡಿ. ಬಿಲ್ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದ್ರೆ ಎದ್ದು ಬನ್ನಿ.

ಇವತ್ತು ಬೆಳಿಗ್ಗೆ 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ್ದೀನಿ. ಆ ಹೆಬ್ಬೆರಳಿನ ಸ್ಕ್ರೀನ್‌ಶಾಟೂ ಜೊತೆಗಿದೆ.