ಮೋರೇರ ಬೆಟ್ಟಕ್ಕೆ ಊರಿನ ಗೈಡ್ ಜೊತೆಗೇ ಹೋಗಿ

ಹೋದ ವರ್ಷ ಹಳೇ ಕಲ್ಲಿನ ಸಮಾಧಿಗಳಿರೋ ಈ ಬೆಟ್ಟ ನೋಡೋಕೆ ಹಂಪಿಯಿಂದ ಕಾರು ಮಾಡಿಕೊಂಡು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ಗೆ ಹೋಗಿದ್ದೆವು. ದಾರಿ ಗೊತ್ತು ಅಂದಿದ್ದ ಡ್ರೈವರ್ ಬುಡದಲ್ಲಿ ಇಳಿಸಿ ‘ಹಂಗೇ ಮೇಲೆ ಹೋಗಿ’ ಅಂದರು, ಅಷ್ಟೇ. ಬಂಡೆಗಳ ನಡುವೆ ದಾರಿ ತಪ್ಪಿತು, ಬಿಸಿಲು ಏರಿತು, ಅಮ್ಮನಿಗೆ ಮಂಡಿನೋವು. ಅರ್ಧಕ್ಕೇ ವಾಪಸ್ ಬಂದೆವು.

ಈ ಜನವರಿಯಲ್ಲಿ ಊರಿನವರೇ ಒಬ್ಬ ಗೈಡ್ ಸಿಕ್ಕರು. ಐದು ಜನಕ್ಕೆ 800 ರೂಪಾಯಿ. ಆರೂವರೆಗೆಲ್ಲಾ ಬಂದು ನಿಂತಿದ್ದರು. ಅಮ್ಮನ ನಡಿಗೆ ನೋಡಿಕೊಂಡೇ ಹತ್ತಿಸಿದರು.

ಮೇಲೆ ಸುಮಾರು 400 ಕಲ್ಲಿನ ಸಮಾಧಿಗಳಿವೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು, ಕಬ್ಬಿಣದ ಕಾಲದವು. ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ್ದಾರೆ. ನೋಡೋಕೆ ಪುಟ್ಟ ಮನೆಗಳ ಹಾಗೇ ಇವೆ, ಅದಕ್ಕೇ ಇಲ್ಲಿಯವರ ಬಾಯಲ್ಲಿ ಇವು ಮೋರೇರು ಅನ್ನೋ ಹಿಂದಿನ ಕಾಲದ ಜನರ ಮನೆ, ಮೋರೇರ ಮನೆ. ಕೆಲವು ನನಗಿಂತ ಎತ್ತರ. ಒಂದರ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇತ್ತು. ಬಗ್ಗಿ ನೋಡಿದರೆ ಒಳಗೆ ಒಣಗಿದ ಎಲೆ, ಸಂದಿನಿಂದ ಬಿದ್ದ ಒಂದು ಗೆರೆ ಬಿಸಿಲು. ಕಲ್ಲನ್ನು ಇಷ್ಟು ದುಂಡಗೆ ಕೊರೆಯೋಕೆ ಎಷ್ಟು ದಿನ ಕೂತಿರಬೇಕು, ಅಲ್ವಾ?

ಮಗ ಒಂದು ಚಪ್ಪಡಿ ಮೇಲೆ ಕಾಲಿಟ್ಟಿದ್ದೇ ತಡ, ‘ತಮ್ಮಾ, ಇಳಿ. ಅದು ಯಾರದೋ ಗೋರಿ’ ಅಂದರು ಗೈಡ್. ಗದರಲಿಲ್ಲ. ಪಕ್ಕದಲ್ಲೇ ಮುರಿದು ಬಿದ್ದಿದ್ದ ಇನ್ನೊಂದನ್ನು ತೋರಿಸಿದರು. ನಿಧಿ ಆಸೆಗೆ ಅಗೆದಿದ್ದಂತೆ. ‘ಇದರಾಗ ಬಂಗಾರ ಎಲ್ಲಿ ಬರಬೇಕ್ರೀ ಅಕ್ಕಾರ, ಇದ್ದದ್ದು ಎಲುಬು, ಗಡಿಗಿ.’ ನನಗೆ ಹೊಟ್ಟೆ ಉರಿಯಿತು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ ಇದು, 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಆದರೆ ಅಷ್ಟು ದೊಡ್ಡ ಬೆಟ್ಟದ ಮೇಲೆ ಆವತ್ತು ಕಲ್ಲುಗಳ ಪರವಾಗಿ ಮಾತಾಡಿದ್ದು ಇವರೊಬ್ಬರೇ.

ನಗಾರಿ ಕಲ್ಲನ್ನು ತಪ್ಪಿಸಬೇಡಿ. ದೊಡ್ಡ ಬಂಡೆಯ ನೆತ್ತಿ ಮೇಲೆ ಕೂತ ಅರ್ಧಗೋಳದಂಥ ಕಲ್ಲು ಅದು. ‘ಕಲ್ಲಿಲೆ ಹೊಡಿಬ್ಯಾಡ್ರಿ, ಚಕ್ಕೆ ಏಳ್ತೈತಿ’ ಅಂತ ಅವರು ಕಟ್ಟಿಗೆಯಿಂದ ಬಡಿದರು. ಢಂ ಅನ್ನೋ ಸದ್ದಿಗೆ ಕೆಳಗೆ ಕೂತಿದ್ದ ಅಮ್ಮ ತಲೆ ಎತ್ತಿ ನೋಡಿದರು.

ಮೇಲೆ ಅಂಗಡಿ ಇಲ್ಲ, ನೀರು ಜಾಸ್ತಿ ಒಯ್ಯಿರಿ. ಒಳ್ಳೆ ಶೂ ಹಾಕಿ. 800 ಕಡಿಮೆಯೇ ಆಯ್ತು ಅನ್ನಿಸಿ ನಾವು ಸಾವಿರ ಕೊಟ್ಟೆವು. ನೀವು ಚೌಕಾಸಿ ಮಾಡಬೇಡಿ.